ಬಚ್ಚಲೊಲೆಗೆ ಮತ್ತೆ ಉರುವಲು ಒಡ್ಡುವಾಗ

ಅಡುಗೆಮನೆಗೆ ಗ್ಯಾಸು ಬಂದ ಬಳಿಕವೂ ಕಾಸರಗೋಡಿನ ಎಷ್ಟೋ ತೋಟದ ಮನೆಗಳಲ್ಲಿ ಬಚ್ಚಲೊಲೆ ಆರಿಲ್ಲ. ಮಡಲು, ಗೆರಟೆ, ಅಡಿಕೆಸಿಪ್ಪೆಗಳು ತೋಟದಲ್ಲಿಯೇ ದೊರೆಯುವಾಗ ಮೀಯುವ ನೀರಿಗೆ ಬೇರೆ ಉರುವಲನ್ನು ಯಾರು ಹುಡುಕುತ್ತಾರೆ? ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ಒಲೆಯ ಕೊಳ್ಳಿ ಮುಂದೂಡುವ ಕೆಲಸ ಹಲವೆಡೆ ಮಕ್ಕಳ ಪಾಲಿನದು. ಒಲೆ ಹೊತ್ತಿಸುವುದನ್ನು ಹಿರಿಯರು ಕಲಿಸುತ್ತಾರೆ. ಉರಿ ತಗ್ಗಿದ ಒಲೆಗೆ ಮತ್ತೆ ಉರುವಲು ಒಡ್ಡುವುದನ್ನು ಕಲಿಸುವವರು ವಿರಳ. ಅಪಾಯ ಹೆಚ್ಚಾಗಿರುವುದು ಅಲ್ಲಿಯೇ.

ಒಣ ಕಟ್ಟಿಗೆ ಕಾದಾಗ ಅದರ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಬೀಳುತ್ತದೆ. ನಾವು ಕಾಣುವ ಜ್ವಾಲೆ ಆ ಅನಿಲದ ಉರಿ. ಕೆಂಡದ ಮೇಲೆ ಒಲೆಬಾಯಿ ತುಂಬ ಉರುವಲು ತುರುಕಿದರೆ ಗಾಳಿಯ ದಾರಿ ಮುಚ್ಚುತ್ತದೆ. ಅಡಿಕೆಸಿಪ್ಪೆಯನ್ನು ಬುಟ್ಟಿಗಟ್ಟಲೆ ಸುರಿದರಂತೂ ಹೇಳುವುದೇ ಬೇಡ. ಅನಿಲ ಉರಿಯದೆ ದಟ್ಟ ಹೊಗೆಯಾಗಿ ಒಳಗೇ ನಿಲ್ಲುತ್ತದೆ. ಆಗ ಬಗ್ಗಿ ಊದಿದರೆ ಅಷ್ಟೂ ಹೊಗೆ ಒಮ್ಮೆಲೇ ಹೊತ್ತಿಕೊಂಡು ಊದಿದವರ ಮುಖಕ್ಕೇ ನುಗ್ಗಬಹುದು.

ಆದುದರಿಂದ ಮೊದಲು ಬೂದಿಯನ್ನು ಸರಿಸಿ, ಕೆಂಡವನ್ನು ಸಲಾಕೆಯಿಂದ ಮುಂದಕ್ಕೆಳೆದು, ಎರಡು ಮೂರು ಸಪೂರ ಕಡ್ಡಿಗಳನ್ನು ಅಡ್ಡಡ್ಡಲಾಗಿ ಇಡಬೇಕು. ಅವು ಹೊತ್ತಿಕೊಂಡ ಮೇಲೆಯೇ ದಪ್ಪ ಕಟ್ಟಿಗೆ. ಒಲೆಬಾಯಿಯ ಅರ್ಧದಷ್ಟಾದರೂ ಗಾಳಿಗೆ ತೆರೆದಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ರೂಪಿಸಿದ ಒಲೆಯಲ್ಲಿ ಕಟ್ಟಿಗೆಯ ಅಡಿಗೆ ಜಾಲರಿ ಇಟ್ಟುದೂ ಈ ಗಾಳಿಗಾಗಿಯೇ. ಊದುಗೊಳವೆಯನ್ನು ಹಿಡಿಯುವವರು ಪಕ್ಕಕ್ಕೆ ಕುಳಿತು ಊದಬೇಕು. ಉಸಿರು ಎಳೆದುಕೊಳ್ಳುವಾಗ ಕೊಳವೆ ಬಾಯಿಯಿಂದ ದೂರವಿರಬೇಕು. ಕೆಂಡಕ್ಕೆ ಸೀಮೆಎಣ್ಣೆಯನ್ನು ಒಂದು ತೊಟ್ಟೂ ಹಾಕಬಾರದು. ಬಿಸಿಗೆ ಅದು ಆವಿಯಾಗಿ ಹರಡಿ, ಕಿಡಿ ಸೋಕಿದೊಡನೆ ಕೈಯಲ್ಲಿರುವ ಡಬ್ಬಿಯವರೆಗೂ ಹೊತ್ತಿಕೊಳ್ಳಬಲ್ಲುದು.

ಉದ್ದನೆಯ ಮಡಲನ್ನು ಹಾಗೆಯೇ ಒಲೆಗೆ ನೂಕುವ ಅಭ್ಯಾಸವನ್ನೂ ಬಿಡಬೇಕು. ಗರಿಯ ಜಾಡು ಹಿಡಿದು ಬೆಂಕಿ ಹಿಂದಕ್ಕೆ, ನೆಲದ ಮೇಲಿನ ತರಗೆಲೆಗೆ, ಅಲ್ಲಿಂದ ಲಂಗದ ಅಂಚಿಗೆ ಬರಲು ಹೆಚ್ಚು ಹೊತ್ತು ಬೇಡ. ಗೇಣುದ್ದಕ್ಕೆ ಕಡಿದೇ ಒಡ್ಡಿರಿ. ಉರಿ ತಗ್ಗಿಸಲು ನೀರೆರಚಿದರೆ ಬಿಸಿ ಹಬೆ ಬೂದಿಯೊಡನೆ ಮೇಲೇಳುತ್ತದೆ. ಕೊಳ್ಳಿಯನ್ನು ಹಿಂದಕ್ಕೆಳೆದು ಅದರ ತುದಿಯನ್ನು ಮರಳಿಗೆ ಒತ್ತಿದರೆ ಸಾಕು.

ಆಟಿಯ ಮಳೆಯಲ್ಲಿ ಹಸಿ ಕಟ್ಟಿಗೆಯ ಪಾಡು ಬೇರೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. 1 ಲೀಟರು ನೀರನ್ನು ಆವಿಯಾಗಿಸುವ ಶಾಖದಿಂದ ಸುಮಾರು 7 ಲೀಟರು ಬಾವಿನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬೇಸಗೆಯಲ್ಲಿಯೇ ಸೀಳಿ ಮಾಡಿನಡಿ ಪೇರಿಸಿಟ್ಟವರಿಗೆ ಈ ನಷ್ಟವಿಲ್ಲ.

ಹೊಗೆ ನಿಂತ ಕೆಂಡವೂ ನಿರಪಾಯವಲ್ಲ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಬಾಯಿ ಬಚ್ಚಲಿನ ಒಳಗೇ ಇದ್ದರೆ ಮಳೆಯ ಎರಚಲಿಗೂ ಕಿಟಕಿ ಮುಚ್ಚಬಾರದು. ಮೀಯುವಾಗ ತಲೆಭಾರವೋ ವಾಕರಿಕೆಯೋ ತೋರಿದರೆ ಕೂಡಲೇ ಹೊರಗೆ ಬರಬೇಕೆಂದು ಮಕ್ಕಳಿಗೆ ತಿಳಿಸಿ ಹೇಳಿರಿ.

ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ತೆಂಗಿನ ಬುಡಕ್ಕೆಂದು ತೆಗೆದ ಬೂದಿಯನ್ನು ತಗಡಿನ ಡಬ್ಬಿಯಲ್ಲಿ ಆರಲು ಬಿಟ್ಟು, ಪೂರ್ಣ ತಣಿದ ಮೇಲೆಯೇ ಗೋಣಿಗೆ ತುಂಬಿರಿ.