ಹಸಿರು ದೀಪ ಉರೀತದ, ನೆಟ್ ಮಾತ್ರ ಇಲ್ಲ

ನಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ ಎರಡು ಬಗೆ. ‘ಡಬ್ಬದಲ್ಲಿ ಕೆಂಪು ಲೈಟು ಉರೀತಾ ಅದ ಕನಣ್ಣ’ ಎನ್ನುವುದು ಒಂದು. ಅದು ಸುಲಭದ್ದು. ಯಳಂದೂರು ರಸ್ತೆಯಲ್ಲೋ ಮೂಗೂರು ರಸ್ತೆಯಲ್ಲೋ ಜೆಸಿಬಿ ಬಾಯಿ ಹಾಕಿದೆ, ಫೈಬರ್ ತುಂಡಾಗಿದೆ. ಹುಡುಗರು ಹೋಗಿ ಜಾಯಿಂಟ್ ಹಾಕಿದರೆ ಮುಗಿಯಿತು. ‘ಎಲ್ಲಾ ಹಸಿರೇ ಅದ, ನೆಟ್ ಮಾತ್ರ ಬತ್ತಾ ಇಲ್ಲ’ ಎನ್ನುವುದು ಇನ್ನೊಂದು. ಆಗ ನಾನು ಏಣಿ ಹೊರಡಿಸುವುದಿಲ್ಲ, ಕಂಪ್ಯೂಟರಿನ ಮುಂದೆ ಕೂರುತ್ತೇನೆ. ಹಸಿರು ದೀಪ ಹೇಳುವುದು ಬೆಳಕು ಮನೆ ಮುಟ್ಟಿದೆ ಎಂದಷ್ಟೇ. ಒಳಗೆ ಬಿಡುವುದೋ ಬೇಡವೋ ಎಂದು ತೀರ್ಮಾನಿಸುವವರು ಬೇರೆ.

ಸಂತೆಮರಹಳ್ಳಿಗೂ ಸುತ್ತಲ ಊರುಗಳಿಗೂ ಮೊದಲು ಟಿವಿ ಕೇಬಲ್ ಎಳೆದು, ಈಗ ಅದೇ ದಾರಿಯಲ್ಲಿ ಫೈಬರ್ ಎಳೆದು ಇಂಟರ್ನೆಟ್ ಕೊಡುವವರು ನಾವು. ತೀರ್ಮಾನ ಮಾಡುವ ಯಂತ್ರ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿದೆ. ನೋಡುವುದಕ್ಕೆ ಏನೂ ಇಲ್ಲ, ಧೂಳು ಕೂತ ಒಂದು ಸಾಧಾರಣ ಕಂಪ್ಯೂಟರು. ಅದರೊಳಗೆ ಓಡುವ ತಂತ್ರಾಂಶಕ್ಕೆ ರೇಡಿಯಸ್ ಸರ್ವರ್ ಎನ್ನುತ್ತಾರೆ.

ಇದರ ಕೆಲಸ ತಿಳಿಯಬೇಕಾದರೆ ನಮ್ಮೂರಿನ ಮತಗಟ್ಟೆಯನ್ನೇ ನೆನೆಯಬಹುದು. ಕ್ಷೇತ್ರ ಮರುವಿಂಗಡಣೆಗೆ ಮುಂಚೆ ಸಂತೆಮರಹಳ್ಳಿ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. 2004ರಲ್ಲಿ ಇಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಅಂತರ. ಹಾಗಾಗಿ ಪಟ್ಟಿಯಲ್ಲಿ ಹೆಸರು ಇರುವುದು, ಬಂದವನು ಅವನೇ ಎಂದು ಖಾತ್ರಿಯಾಗುವುದು, ಬಂದುಹೋದದ್ದು ಪುಸ್ತಕಕ್ಕೆ ಏರುವುದು ಎಷ್ಟು ಮುಖ್ಯ ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮತಗಟ್ಟೆಯ ಈ ಮೂರು ಕೆಲಸವೇ ರೇಡಿಯಸ್ಸಿನದೂ. ನೀವು ಯಾರು ಎಂದು ಕೇಳುವುದು. ನಿಮಗೆ ಎಷ್ಟು ವೇಗ, ಎಲ್ಲಿಯವರೆಗೆ ಎಂದು ಹೇಳುವುದು. ಯಾವಾಗ ಬಂದಿರಿ, ಎಷ್ಟು ಬಳಸಿದಿರಿ, ಯಾವಾಗ ಹೋದಿರಿ ಎಂದು ಬರೆದಿಡುವುದು.

ಇದು ಫೈಬರ್ ಕಾಲದ್ದಲ್ಲ, ಟೆಲಿಫೋನಿನಲ್ಲಿ ಕರಕರ ಸದ್ದು ಮಾಡಿ ಇಂಟರ್ನೆಟ್ ಹಿಡಿಯುತ್ತಿದ್ದ ಕಾಲದ್ದು. 1991ರಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಎಂಬ ಕಂಪನಿ ಮಿಷಿಗನ್ನಿನ ಮೆರಿಟ್ ನೆಟ್‌ವರ್ಕಿಗಾಗಿ ಮಾಡಿಕೊಟ್ಟದ್ದು. ಇಂದಿಗೂ ಬಳಕೆಯಲ್ಲಿರುವ ನಿಯಮಾವಳಿ 2000ದ ಜೂನ್ ತಿಂಗಳದು. ದುಡ್ಡಿಲ್ಲದೆ ಸಿಗುವ ಫ್ರೀರೇಡಿಯಸ್ ತಂತ್ರಾಂಶದ ಕೆಲಸ 1999ರಲ್ಲಿ ಶುರುವಾಯಿತು. ನಮ್ಮಂಥ ಸಣ್ಣವರಿಂದ ಹಿಡಿದು ದೊಡ್ಡ ಕಂಪನಿಗಳವರೆಗೆ ಅದನ್ನೇ ಓಡಿಸುತ್ತಾರೆ.

ಕೂರಿಸುವುದು ಅರ್ಧ ದಿನದ ಕೆಲಸ. ಲಿನಕ್ಸ್ ಹಾಕಿ, ಫ್ರೀರೇಡಿಯಸ್ ಹಾಕಿ, ಗ್ರಾಹಕರ ಹೆಸರು, ಪಾಸ್‌ವರ್ಡ್ ಇಡಲು ಮಾರಿಯಾಡಿಬಿ ಎಂಬ ಡೇಟಾಬೇಸ್ ಜೋಡಿಸಿದರಾಯಿತು. ಮನೆಗಳ ರೂಟರುಗಳು ನೇರವಾಗಿ ಸರ್ವರಿನ ಹತ್ತಿರ ಮಾತಾಡುವುದಿಲ್ಲ. ನಮ್ಮ ದೊಡ್ಡ ರೂಟರಿಗೆ ಹೆಸರು ಹೇಳುತ್ತವೆ, ಅದು 1812ನೆಯ ಪೋರ್ಟಿನಲ್ಲಿ ಸರ್ವರನ್ನು ಕೇಳುತ್ತದೆ. ಲೆಕ್ಕ ಹೋಗುವುದು 1813ರಲ್ಲಿ. ಕೇಳುವ ಅಧಿಕಾರ ಯಾವ ರೂಟರಿಗಿದೆ ಎಂದು ಮೊದಲೇ ಸರ್ವರಿಗೆ ಬರೆದುಕೊಡಬೇಕು, ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿನ ಪದವನ್ನೂ ಇಡಬೇಕು. ಗುರುತಿಲ್ಲದ ಕಡೆಯಿಂದ ಪ್ರಶ್ನೆ ಬಂದರೆ ಸರ್ವರ್ ‘ಇಲ್ಲ’ ಎಂದೂ ಹೇಳುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ಫ್ರೀರೇಡಿಯಸ್ ಜತೆಗೆ ಪರೀಕ್ಷೆಗೆಂದು ‘ಟೆಸ್ಟಿಂಗ್123’ ಎಂಬ ಗುಟ್ಟಿನ ಪದ ಬಂದಿರುತ್ತದೆ. ಅದನ್ನು ಹಾಗೇ ಬಿಡುವುದೆಂದರೆ ಕದಕ್ಕೆ ಬೀಗ ಹಾಕದಿರುವುದೇ ಸರಿ. 2024ರ ಜುಲೈನಲ್ಲಿ ಸಂಶೋಧಕರು ಇನ್ನೂ ಒಂದು ಹುಳುಕು ತೋರಿಸಿದರು: ದಾರಿಯ ನಡುವೆ ಕೂತವನು, ಗುಟ್ಟಿನ ಪದ ಗೊತ್ತಿಲ್ಲದಿದ್ದರೂ, ಸರ್ವರ್ ಕೊಟ್ಟ ‘ಬೇಡ’ವನ್ನು ‘ಬಿಡು’ ಎಂದು ತಿದ್ದಬಹುದು. ತೇಪೆ ಬಂದಿದೆ, ಹಾಕಿಕೊಳ್ಳುವುದು ನಮ್ಮ ಹೊಣೆ.

ಕಷ್ಟವಿರುವುದು ನಡೆಸುವುದರಲ್ಲಿ.

ಹಸಿರು ದೀಪದ ಫೋನು ಬಂದಾಗ ನಾನು ಫ್ರೀರೇಡಿಯಸ್ಸನ್ನು ‘-ಎಕ್ಸ್’ ಸೇರಿಸಿ ಓಡಿಸುತ್ತೇನೆ. ಆಗ ಅದು ತಾನು ಮಾಡುವುದನ್ನೆಲ್ಲ ಪರದೆಯ ಮೇಲೆ ಗಟ್ಟಿಯಾಗಿ ಹೇಳಿಕೊಂಡು ಮಾಡುತ್ತದೆ. ಹೆಸರು ಬಂತು, ರೂಟರಿನ ಮ್ಯಾಕ್ ಸಂಖ್ಯೆ ಬಂತು, ಪಾಸ್‌ವರ್ಡ್ ಹೊಂದಲಿಲ್ಲ, ‘ಆಕ್ಸೆಸ್ ರಿಜೆಕ್ಟ್’. ಬಹಳ ಸಲ ಕಾರಣ ಇಷ್ಟೆ: ಮೊಬೈಲಿನಲ್ಲಿ ಟೈಪ್ ಮಾಡುವಾಗ ಮೊದಲ ಅಕ್ಷರ ತಾನಾಗಿ ದೊಡ್ಡದಾಗಿದೆ, ಇಲ್ಲವೆ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿದೆ. ಕೆಲವು ಸಲ ಪರದೆಯ ಮೇಲೆ ಆ ಮನೆಯ ಹೆಸರೇ ಬರುವುದಿಲ್ಲ. ಆಗ ನಾನು ಕೇಳುವ ಮೊದಲ ಪ್ರಶ್ನೆ, ‘ಅಕ್ಕ, ಮಕ್ಕಳೇನಾದ್ರೂ ಡಬ್ಬದ ಹಿಂದ್ಲ ತೂತಿಗೆ ಪಿನ್ನು ಹಾಕುದ್ವಾ?’ ರೀಸೆಟ್ ಒತ್ತಿದರೆ ರೂಟರಿಗೆ ತನ್ನ ಹೆಸರೇ ಮರೆತಿರುತ್ತದೆ. ಇನ್ನು ಕೇಳುವುದೇನನ್ನು?

ಎಲ್ಲಕ್ಕಿಂತ ಕೆಟ್ಟದ್ದು ಕರೆಂಟು. ಗ್ರಾಹಕರ ಮನೆಯಲ್ಲಿ ಹೋದರೆ ತೊಂದರೆಯಿಲ್ಲ. ದೊಡ್ಡ ರೂಟರು ಸ್ವಲ್ಪ ಹೊತ್ತು ಕರೆದು ನೋಡಿ, ಉತ್ತರ ಬಾರದಿದ್ದರೆ ‘ಇವರು ಹೋದರು’ ಎಂದು ಸರ್ವರಿಗೆ ತಿಳಿಸುತ್ತದೆ. ಆದರೆ ಒಂದು ಮಳೆಗಾಲದ ರಾತ್ರಿ ನಮ್ಮಲ್ಲೇ ಕರೆಂಟು ಹೋಗಿ, ಬ್ಯಾಟರಿಯೂ ಇಳಿದು, ದೊಡ್ಡ ರೂಟರೇ ಆರಿತು. ಅದು ಯಾರು ಹೋದರೆಂದು ಹೇಳದೆಯೇ ಸತ್ತಿತು. ಬೆಳಗ್ಗೆ ಕರೆಂಟು ಬಂದಾಗ ಊರಿನ ರೂಟರುಗಳೆಲ್ಲ ಒಟ್ಟಿಗೇ ಹೆಸರು ಕೂಗಿದವು. ಸರ್ವರಿನ ಪುಸ್ತಕದಲ್ಲಿ ಎಲ್ಲರೂ ಇನ್ನೂ ಒಳಗೇ ಇದ್ದಾರೆ. ಒಂದು ಹೆಸರಿಗೆ ಒಂದೇ ಪ್ರವೇಶ ಎಂಬ ನಿಯಮ ಬೇರೆ ಇದೆ. ‘ನೀವು ಆಗಲೇ ಒಳಗಿದ್ದೀರಿ’ ಎಂದು ಎಲ್ಲರನ್ನೂ ಅದು ಹೊರಗೆ ನಿಲ್ಲಿಸಿತು. ಸಿಟ್ಟಿನಿಂದ ಅಂಗಡಿಗೇ ಬಂದವರಿಗೆ ಇದನ್ನು ವಿವರಿಸುವುದು ಹೇಗೆ? ‘ನಾನೇ ಇಲ್ಲಿ ನಿಂತಿವ್ನಿ, ಒಳಗ ಅದ್ಯಾರಪ್ಪ ಇರದು?’ ಎಂದರೊಬ್ಬರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಇದಕ್ಕೆ ಮದ್ದಿದೆ. ರೂಟರು ಐದು ನಿಮಿಷಕ್ಕೊಮ್ಮೆ ‘ಇವರಿನ್ನೂ ಇದ್ದಾರೆ’ ಎಂದು ಲೆಕ್ಕ ಕಳಿಸುವಂತೆ ಮಾಡಬೇಕು. ಲೆಕ್ಕ ಬಾರದೆ ನಿಂತ ಹೆಸರುಗಳನ್ನು ಸರ್ವರ್ ತಾನೇ ಮುಚ್ಚಿಹಾಕಬೇಕು. ಎಲ್ಲರೂ ಒಟ್ಟಿಗೆ ನುಗ್ಗಿದಾಗ ಡೇಟಾಬೇಸ್ ಏದುಸಿರು ಬಿಡದಂತೆ ಹಳೆಯ ಲೆಕ್ಕವನ್ನು ಬೇರೆಡೆಗೆ ಸಾಗಿಸಿ ಹಗುರ ಮಾಡಬೇಕು. ಎರಡನೆಯ ಸರ್ವರ್ ಒಂದಿದ್ದರೆ ಇನ್ನೂ ಒಳ್ಳೆಯದು. ಅದನ್ನು ಅದೇ ಯುಪಿಎಸ್ಸಿಗೆ ಸಿಕ್ಕಿಸಿದರೆ ಮಾತ್ರ ಪ್ರಯೋಜನವಿಲ್ಲ.

ಇನ್ನು ಆ ಪುಸ್ತಕದ ಮಾತು. ಒಬ್ಬ ಯಜಮಾನರು ಬಂದು, ‘ನನ್ ಮಗ ರಾತ್ರಿಯೆಲ್ಲಾ ಏನ್ ನೋಡ್ತಾನೆ ಅಂತ ನಿನ್ ಕಂಪ್ಯೂಟರ್‌ಲಿ ನೋಡಿ ಹೇಳಪ್ಪ’ ಎಂದರು. ರೇಡಿಯಸ್ಸಿಗೆ ಅದು ಗೊತ್ತಿರುವುದಿಲ್ಲ. ಯಾವ ಹೆಸರು, ಯಾವ ಹೊತ್ತು, ಎಷ್ಟು ಜಿಬಿ, ಯಾವ ವಿಳಾಸ ಕೊಟ್ಟಿತು, ಇಷ್ಟೇ ಅದರ ದಾಖಲೆ. ಆದರೂ ಇದು ಸಣ್ಣದಲ್ಲ. ಯಾವ ಮನೆಯಲ್ಲಿ ಯಾರೋ ನಡುರಾತ್ರಿವರೆಗೆ ಎದ್ದಿರುತ್ತಾರೆ, ಯಾವ ಮನೆಯವರು ಜಾತ್ರೆಗೆ ಹೋಗಿ ಮನೆ ಖಾಲಿಯಿದೆ ಎಂದು ಇದರಿಂದ ಊಹಿಸಬಹುದು. ಹಾಗಾಗಿ ಆ ಕೋಣೆಯ ಕಂಪ್ಯೂಟರಿಗೆ ಲೈನು ಎಳೆಯುವ ಹುಡುಗರ ಪ್ರವೇಶವನ್ನು ನಾನು ಕೊಟ್ಟಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಹಕ್ಕು ನಮ್ಮ ಹಿಂದಿನ ಕೋಣೆಗೂ ಅನ್ವಯಿಸುತ್ತದೆಂದೇ ನಾನು ತಿಳಿದಿದ್ದೇನೆ.

ಹಾಗೆಂದು ಬರೆದಿಡದೆ ಇರುವಂತಿಲ್ಲ. ಇಂಟರ್ನೆಟ್ ಕೊಡುವವರು ಬಳಕೆಯ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ನಿಯಮ ತಿದ್ದಿತು. ಗಡಿಯಾರಗಳನ್ನು ಸರ್ಕಾರಿ ಸಮಯಕ್ಕೆ ಹೊಂದಿಸಿಟ್ಟುಕೊಳ್ಳಬೇಕೆಂದು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿತು. ಗಡಿಯಾರಕ್ಕೆ ಇಷ್ಟು ಮಹತ್ವ ಯಾಕೆಂದರೆ, ಹೊರಜಗತ್ತಿಗೆ ನಮ್ಮ ಊರಿನ ನೂರಾರು ಮನೆಗಳು ಒಂದೇ ಐಪಿ ವಿಳಾಸದಲ್ಲಿ ಕಾಣುತ್ತವೆ. ತನಿಖೆಗೆ ಪತ್ರ ಬಂದಾಗ ಅವುಗಳಲ್ಲಿ ಒಂದು ಮನೆಯನ್ನು ಬೇರ್ಪಡಿಸುವುದು ಪೋರ್ಟ್ ಸಂಖ್ಯೆ ಮತ್ತು ಸಮಯ ಎರಡೇ. ಪರದೇಶದ ಕಂಪನಿ ಕೊಟ್ಟ ಸಮಯಕ್ಕೆ ಐದೂವರೆ ಗಂಟೆ ಕೂಡಿಸಲು ಮರೆತರೆ, ಇಲ್ಲವೆ ನಮ್ಮ ಗಡಿಯಾರ ಹಿಂದೆ ಬಿದ್ದಿದ್ದರೆ, ಏನೂ ಅರಿಯದವರ ಮನೆ ಮುಂದೆ ಪೊಲೀಸ್ ಜೀಪು ನಿಲ್ಲುತ್ತದೆ.

ವೈಫೈ ಕೊಟ್ಟವರಿಗೂ ಇದೇ ಪಾಡು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬು ಸಿಡಿಯುವ ಕೆಲ ನಿಮಿಷಗಳ ಮುಂಚೆ ಬಂದ ಬೆದರಿಕೆಯ ಇಮೇಲ್, ನವಿ ಮುಂಬೈಯ ಮನೆಯೊಂದರ ವೈಫೈ ಮೂಲಕ ಹೋಗಿತ್ತು. ಮನೆಯವರಿಗೂ ಅದಕ್ಕೂ ಸಂಬಂಧವಿರಲಿಲ್ಲ, ವಿಚಾರಣೆ ಮಾತ್ರ ತಪ್ಪಲಿಲ್ಲ. ವೈಫೈಗೆ ಭದ್ರತೆ ಕಡ್ಡಾಯ ಎಂಬ ಸರ್ಕಾರದ ಸೂಚನೆ ಬಂದದ್ದು 2009ರ ಫೆಬ್ರುವರಿಯಲ್ಲಿ.

ಅದಕ್ಕೇ ನನ್ನ ಕೋರಿಕೆ ಎರಡು. ಡಬ್ಬ ಕೂರಿಸಿದ ದಿನ ಹಾಕಿಕೊಟ್ಟ ವೈಫೈ ಪಾಸ್‌ವರ್ಡನ್ನು ಬದಲಿಸಿ, ಬೀದಿಗೆಲ್ಲ ಹಂಚಬೇಡಿ. ಪಕ್ಕದ ಮನೆಯವರು ಬಳಸಿದ್ದೂ ಪುಸ್ತಕದಲ್ಲಿ ನಿಮ್ಮ ಹೆಸರಿಗೇ ಬರುತ್ತದೆ. ಹಾಗೆಯೇ ನಿಮಗೆ ನೆಟ್ ಕೊಡುವವರು ಯಾರೇ ಆಗಿರಲಿ, ಆ ಪುಸ್ತಕವನ್ನು ನಿಮ್ಮಲ್ಲಿ ಯಾರು ಯಾರು ತೆರೆದು ನೋಡಬಹುದು ಎಂದು ಒಮ್ಮೆ ಕೇಳಿ. ಕೇಳುವ ಹಕ್ಕು ನಿಮಗಿದೆ, ಉತ್ತರ ಕೊಡುವುದು ನಮ್ಮ ಕೆಲಸ.