ಪ್ಲಾಸ್ಟಿಕ್ ದೋಣಿಗೆ ಫಿಶ್ ಫೈಂಡರ್: ಗಾಳಿಯನ್ನು ಹೊರಗಿಟ್ಟರೆ ಮಾತ್ರ ನದಿಯ ತಳ ಕಂಡೀತು

ಹುಪರಿ: ಮಳೆಗಾಲ ಬಂತೆಂದರೆ ನಮ್ಮ ಭಾಗದ ಮನೆಗಳಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರದ ನೀರಿನ ಮಟ್ಟವೇ ದಿನದ ಮೊದಲ ಸುದ್ದಿ. ಅಲ್ಲಿ ಪಂಚಗಂಗೆ 39 ಅಡಿ ಮುಟ್ಟಿದರೆ ಎಚ್ಚರಿಕೆಯ ಮಟ್ಟ, 43 ಅಡಿ ಮುಟ್ಟಿದರೆ ಅಪಾಯದ ಮಟ್ಟ. ಆದರೆ ಆ ಅಂಕಿ ಒಂದು ಸ್ಥಳದ ಅಳತೆಯೇ ಹೊರತು, ಮುಳುಗಿದ ಗದ್ದೆ, ರಸ್ತೆ, ಬಂಧಾರಗಳ ಮೇಲೆ ಸಾಗುವ ದೋಣಿಯ ಕೆಳಗೆ ಎಷ್ಟು ನೀರಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಅಂಬಿಗರು ಹಿಂದೆ ಬಿದಿರಿನ ಗಳವನ್ನೋ, ಕಲ್ಲು ಕಟ್ಟಿದ ಹಗ್ಗವನ್ನೋ ಇಳಿಬಿಡುತ್ತಿದ್ದರು. ಇಂದು ಅದೇ ಕೆಲಸವನ್ನು ಫಿಶ್ ಫೈಂಡರ್ ಎಂಬ ಸಣ್ಣ ಯಂತ್ರ ಮಾಡಬಲ್ಲದು. ಹೆಸರು ಮೀನಿನದಾದರೂ ಅದು ಮೂಲತಃ ಆಳಮಾಪಕ. ಮಲ್ಪೆ, ಮಂಗಳೂರುಗಳ ಆಳಸಮುದ್ರ ದೋಣಿಗಳಿಗೆ ಅದು ಹೊಸದಲ್ಲ. ನಮ್ಮ ನದಿ ಮತ್ತು ಜಲಾಶಯಗಳಲ್ಲಿ ಬಳಸುವ ಫೈಬರ್ ಹಾಗೂ ಪ್ಲಾಸ್ಟಿಕ್ ದೋಣಿಗಳಿಗೆ ಅದನ್ನು ಕೂರಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಪಠ್ಯದಲ್ಲಿರುವ ವಿಜ್ಞಾನ

ಬಾಲಭಾರತಿಯ ಇಯತ್ತೆ 9ನೆಯ ವಿಜ್ಞಾನ ಪುಸ್ತಕದಲ್ಲಿ ನಮ್ಮ ಮಕ್ಕಳು ಪ್ರತಿಧ್ವನಿ ಮತ್ತು ಸೋನಾರ್ ಕುರಿತು ಓದುತ್ತಾರೆ. ಫಿಶ್ ಫೈಂಡರ್ ಅದೇ ಸೋನಾರಿನ ಚಿಕ್ಕ ರೂಪ. ಜಪಾನಿನ ಫುರುನೋ ಸಹೋದರರು 1948ರಲ್ಲಿ ಇದನ್ನು ಮೀನುಗಾರರ ಕೈಗೆ ತಲುಪಿಸಿದರು. ಇದರ ಮುಖ್ಯ ಅಂಗವೇ ಟ್ರಾನ್ಸ್‌ಡ್ಯೂಸರ್. ಅದು ವಿದ್ಯುತ್ತನ್ನು ಕಿವಿಗೆ ಕೇಳದ ಶ್ರವಣಾತೀತ ಧ್ವನಿಯಾಗಿ ಪರಿವರ್ತಿಸಿ ನೀರಿಗೆ ಬಿಡುತ್ತದೆ. ತಳಕ್ಕೆ ಬಡಿದು ಮರಳಿದ ಧ್ವನಿಯನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿ 0.008 ಸೆಕೆಂಡಿನಲ್ಲಿ ಮರಳಿದರೆ ಧ್ವನಿ ಸಾಗಿದ ದೂರ 12 ಮೀಟರ್. ಅದು ಹೋಗಿ ಬಂದ ದೂರವಾದ್ದರಿಂದ ಆಳ 6 ಮೀಟರ್.

ಈ ಲೆಕ್ಕಕ್ಕೆ ಇರುವ ದೊಡ್ಡ ಶತ್ರು ಗಾಳಿ. ಧ್ವನಿಯನ್ನು ಸಾಗಿಸುವ ಗುಣದಲ್ಲಿ ನೀರೂ ಪ್ಲಾಸ್ಟಿಕ್ಕೂ ಬಹುಮಟ್ಟಿಗೆ ನೆರೆಹೊರೆ. ನೀರು ಮತ್ತು ಗಾಳಿಯ ನಡುವೆಯಾದರೋ ಮೂರು ಸಾವಿರ ಪಟ್ಟಿಗೂ ಮೀರಿದ ಅಂತರವಿದೆ. ಆದ್ದರಿಂದ ಧ್ವನಿ ಗಟ್ಟಿ ಪ್ಲಾಸ್ಟಿಕ್ಕನ್ನು ದಾಟಿ ಹೋಗುತ್ತದೆ. ಕಾಗದದಷ್ಟು ತೆಳುವಾದ ಗಾಳಿಯ ಪದರ ಎದುರಾದರೂ ಬಹುತೇಕ ಪೂರ್ತಿಯಾಗಿ ಹಿಂದಿರುಗಿಬಿಡುತ್ತದೆ. ಬೆಳ್ಳಿಯ ಕಾಲ್ಗೆಜ್ಜೆಗೆ ಹೆಸರಾದ ಹುಪರಿಯವರಿಗೆ ಇದನ್ನು ಬೆಸುಗೆಯ ಮಾತಿನಲ್ಲಿ ಹೇಳಬಹುದು: ಕೂಡುವ ಎರಡು ತುದಿಗಳ ನಡುವೆ ಕೊಳೆ ಉಳಿದರೆ ಬೆಸುಗೆ ಹಿಡಿಯದು. ಇಲ್ಲಿ ಆ ಕೊಳೆಯ ಸ್ಥಾನದಲ್ಲಿರುವುದು ಗಾಳಿಗುಳ್ಳೆ.

ಮೊದಲು ಒಡಲನ್ನು ಅರಿಯಬೇಕು

ಗಟ್ಟಿ ಫೈಬರ್ ಒಡಲಾದರೆ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಒಳಗೇ ಅಂಟಿಸಬಹುದು. ತೂತು ಕೊರೆಯುವ ಅಗತ್ಯವೇ ಇಲ್ಲ. ಒಂದೇ ಪದರದ ಪಾಲಿಎಥಿಲೀನ್ ಒಡಲಿಗೂ ಈ ವಿಧಾನ ಸಲ್ಲುತ್ತದೆ. ಆದರೆ ಎರಡು ಪದರಗಳ ನಡುವೆ ಫೋಮ್ ತುಂಬಿದ ಒಡಲಿಗೆ ಇದು ಸಲ್ಲದು, ಏಕೆಂದರೆ ಫೋಮ್ ಎಂದರೆ ಅಸಂಖ್ಯ ಗಾಳಿಗುಳ್ಳೆಗಳ ರಾಶಿ. ಗಾಳಿ ತುಂಬಿದ ರಬ್ಬರ್ ದೋಣಿಯ ಮಾತಂತೂ ಹೇಳಬೇಕಾಗಿಲ್ಲ.

ಅಂಟಿಸುವ ಮೊದಲು ಪರೀಕ್ಷೆ ಕಡ್ಡಾಯ. ದೋಣಿಯನ್ನು ನೀರಿನಲ್ಲಿ ನಿಲ್ಲಿಸಿ, ಟ್ರಾನ್ಸ್‌ಡ್ಯೂಸರನ್ನು ಹೊರಗೆ ನೇರವಾಗಿ ನೀರಿಗಿಳಿಸಿ ಆಳವನ್ನು ಬರೆದಿಟ್ಟುಕೊಳ್ಳಬೇಕು. ಅನಂತರ ಒಡಲಿನೊಳಗೆ ಸ್ವಲ್ಪ ನೀರು ಸುರಿದು, ಆ ನೀರಿನಲ್ಲಿ ಅದನ್ನು ಒತ್ತಿ ಹಿಡಿದು ಮತ್ತೆ ನೋಡಬೇಕು. ಗಳದಿಂದ ಅಳೆದ ಆಳವೂ ಈ ಎರಡು ಅಂಕಿಗಳೂ ಹೊಂದಿದರೆ ಆ ಜಾಗ ಯೋಗ್ಯ. ಇಲ್ಲವಾದರೆ ಬೇರೆ ಜಾಗ ಹುಡುಕಬೇಕು, ಅಥವಾ ಹೊರಗೆ ಕಟ್ಟಬೇಕು.

ಕೂರಿಸುವ ಕ್ರಮ

ದೋಣಿಯ ಹಿಂಭಾಗದಲ್ಲಿ, ನಡುಗೆರೆಯ ಸಮೀಪ, ಚಲಿಸುವಾಗಲೂ ನೀರನ್ನು ಬಿಡದ ಸಮತಟ್ಟಾದ ಜಾಗ ಉತ್ತಮ. ಮೋಟಾರಿನ ರೆಕ್ಕೆಗಳು ಎಬ್ಬಿಸುವ ನೊರೆಯಿಂದಲೂ, ಒಡಲಿನ ಪಟ್ಟಿಗಳಿಂದಲೂ ದೂರವಿರಬೇಕು.

ಫೈಬರ್ ಒಡಲಾದರೆ ಆ ಜಾಗದ ಬಣ್ಣ, ಎಣ್ಣೆ, ಧೂಳನ್ನು ಉಜ್ಜುಕಾಗದದಿಂದ ತೆಗೆದು ಒಣಗಿಸಬೇಕು. ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗಗಳ ಎಪಾಕ್ಸಿಯನ್ನು ಗುಳ್ಳೆ ಏಳದಂತೆ ಮೆಲ್ಲನೆ ಕಲಸಿ ಸುರಿದು, ಟ್ರಾನ್ಸ್‌ಡ್ಯೂಸರನ್ನು ತುಸು ತಿರುಗಿಸುತ್ತಾ ಒತ್ತಿದರೆ ಅಡಿಯ ಗಾಳಿ ಹೊರಬೀಳುತ್ತದೆ. ಪೂರ್ತಿ ಗಟ್ಟಿಯಾಗುವವರೆಗೆ ಅಲುಗಿಸಬಾರದು. ಬಚ್ಚಲಿನ ಸಂದಿಗೆ ಹಚ್ಚುವ ಸಿಲಿಕೋನ್ ಇಲ್ಲಿ ಬೇಡ, ಅದು ಧ್ವನಿಯನ್ನು ಹೀರುತ್ತದೆ.

ಪಾಲಿಎಥಿಲೀನ್ ಒಡಲಿಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಬಿಸಿಲಿಗೆ ಒಡಲು ಹಿಗ್ಗಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಅಲ್ಲಿ ಒಂದು ಸಣ್ಣ ಬಳೆಯಾಕಾರದ ಕಟ್ಟೆಯನ್ನು ಬಾಗುವ ಗುಣದ ಅಂಟಿನಿಂದ ಕೂರಿಸಿ, ಅದರೊಳಗೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರಿನ ಮುಖ ಆ ನೀರಿನಲ್ಲಿ ಮುಳುಗಿರುವಂತೆ ಇಡುವುದು ಸುಲಭದ ದಾರಿ.

ಹೊರಗೆ ಕಟ್ಟುವುದಾದರೆ ಹಿಂಬದಿಯ ಹಲಗೆಗೆ ತೋಳು ಬಿಗಿದು, ಟ್ರಾನ್ಸ್‌ಡ್ಯೂಸರಿನ ಮುಖ ಒಡಲಿನ ಅಡಿಗಿಂತ ತುಸು ಕೆಳಗಿರುವಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ಕಿಗೆ ನೇರವಾಗಿ ಹೊಡೆದ ಸ್ಕ್ರೂ ಕಾಲಕ್ರಮೇಣ ಸಡಿಲವಾಗುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆ, ವಾಷರ್ ಸಹಿತ ಬೋಲ್ಟ್ ಹಾಕುವುದೇ ಕ್ಷೇಮ. ಅನೇಕರು ಬಳಸುವ ದೋಣಿಗೆ, ರಬ್ಬರ್ ದೋಣಿಗೂ, ಕ್ಲಾಂಪಿನಿಂದ ಬಿಗಿದ ಕೋಲಿನ ತುದಿಗೆ ಕಟ್ಟಿ ಬೇಕಾದಾಗ ಇಳಿಸುವುದು ಸೂಕ್ತ.

ಅಂಕಿಯನ್ನು ಓದುವ ಎಚ್ಚರ

ಯಂತ್ರ ಅಡಿಯಲ್ಲಿ ತೋರಿಸುತ್ತಿದೆಯೋ ಮೀಟರಿನಲ್ಲೋ ಎಂಬುದನ್ನು ಮೊದಲು ನೋಡಬೇಕು. ಆರು ಅಡಿಯೂ ಆರು ಮೀಟರೂ ಒಂದೇ ಅಲ್ಲ. ತೋರುವ ಆಳ ಟ್ರಾನ್ಸ್‌ಡ್ಯೂಸರಿನಿಂದ ನದಿಯ ತಳದವರೆಗಿನದು. ಮೋಟಾರಿನ ರೆಕ್ಕೆ ಅದಕ್ಕಿಂತ 40 ಸೆಂಟಿಮೀಟರ್ ಕೆಳಗಿದ್ದರೆ, ಯಂತ್ರ 1 ಮೀಟರ್ ಎಂದಾಗ ರೆಕ್ಕೆಯ ಕೆಳಗೆ ಉಳಿದಿರುವುದು 60 ಸೆಂಟಿಮೀಟರ್ ಮಾತ್ರ. ಒಳಗೆ ಅಂಟಿಸಿದ ಟ್ರಾನ್ಸ್‌ಡ್ಯೂಸರ್ ನೀರಿನ ಉಷ್ಣತೆಯ ಬದಲು ಒಡಲಿನ ಉಷ್ಣತೆಯನ್ನು ತೋರಿಸುತ್ತದೆ. ಧ್ವನಿಯ ಬಲವೂ ಸ್ವಲ್ಪ ಕುಗ್ಗುತ್ತದೆ. ಅಕ್ಕಪಕ್ಕದ ಚಿತ್ರ ತೋರಿಸುವ ಮಾದರಿಗಳನ್ನು ಹೊರಗೇ ಕಟ್ಟಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಫಿಶ್ ಫೈಂಡರ್ ಕೆಳಗಿನದನ್ನು ಹೇಳುತ್ತದೆ, ಮುಂದಿನದನ್ನಲ್ಲ. ಕೊಲ್ಹಾಪುರ ಮಾದರಿಯ ಬಂಧಾರಗಳ ಹಲಗೆಗಳನ್ನು ಮಳೆಗಾಲಕ್ಕೆ ಮುನ್ನ ತೆಗೆದರೂ ಕಂಬಗಳು ನೀರಿನಡಿ ನಿಂತೇ ಇರುತ್ತವೆ. ಆಳ ಹಠಾತ್ತನೆ ಕಡಿಮೆಯಾಯಿತೆಂದು ಯಂತ್ರ ತೋರುವ ಹೊತ್ತಿಗೆ ದೋಣಿ ಅವುಗಳ ಮೇಲೇ ಇರಬಹುದು. ಇಚಲಕರಂಜಿಯ ಬಳಿ ಜಲಪರ್ಣಿ ಎಂದು ಕರೆಯುವ ಅಂತರಗಂಗೆಯ ಹಾಸು, ಪ್ರವಾಹದ ನೊರೆ, ಕೊಚ್ಚಿ ಬಂದ ಕಸ ಇವೆಲ್ಲ ಪ್ರತಿಧ್ವನಿಯನ್ನು ಕೆಡಿಸುತ್ತವೆ. ಅಂಕಿ ಕುಣಿಯತೊಡಗಿದರೆ ಅದನ್ನು ನಂಬದೆ ಗಳವನ್ನೇ ಇಳಿಸಬೇಕು. ತಪ್ಪಾಗಿ ಕೂರಿಸಿದ ಯಂತ್ರ ಹುಸಿ ಧೈರ್ಯ ಕೊಡುತ್ತದೆ. ಯಂತ್ರವೇ ಇಲ್ಲದ ಅಂಬಿಗನಾದರೋ ಎಚ್ಚರದಿಂದಿರುತ್ತಾನೆ.

2019ರ ಆಗಸ್ಟ್ 8ರಂದು ನೆರೆಯ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಪ್ರವಾಹದಿಂದ ಪಾರಾಗಲು ಹೊರಟವರ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಮಿತಿಮೀರಿದ ಜನ ಹತ್ತಿದ ದೋಣಿಯನ್ನು ಯಾವ ಆಳಮಾಪಕವೂ ಕಾಯಲಾರದು. ಜೀವರಕ್ಷಕ ಜಾಕೆಟ್, ಮಿತವಾದ ಭಾರ, ನುರಿತ ಅಂಬಿಗ, ಇವು ಮೊದಲು. ಯಂತ್ರ ಅನಂತರ.

ಮನೆಯಲ್ಲೇ ಮಾಡಿ ನೋಡಿ

ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿಸಿ. ಒಬ್ಬರು ನೀರಿನೊಳಗೆ ಎರಡು ಚಮಚಗಳನ್ನು ಒಂದಕ್ಕೊಂದು ತಾಡಿಸಲಿ, ಮಗು ಬಕೆಟ್ಟಿನ ಹೊರಮೈಗೆ ಕಿವಿ ಒತ್ತಿ ಕೇಳಲಿ. ಅನಂತರ ಕಿವಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತೆಗೆಯಲಿ. ಸದ್ದು ಒಮ್ಮೆಲೇ ಇಳಿಯುತ್ತದೆ. ನೀರು ಮತ್ತು ಪ್ಲಾಸ್ಟಿಕ್ ದಾಟಿ ಬಂದ ಧ್ವನಿಯನ್ನು ಆ ಬೆರಳಗಲದ ಗಾಳಿ ತಡೆಯಿತು. ಎಪಾಕ್ಸಿಯನ್ನು ಗುಳ್ಳೆಯಿಲ್ಲದಂತೆ ಕಲಸಬೇಕು ಏಕೆ ಎಂಬ ಪ್ರಶ್ನೆಗೆ ಇಷ್ಟೇ ಉತ್ತರ. ನಮ್ಮ ಮಕ್ಕಳು ಅದನ್ನು ತಮ್ಮ ಕನ್ನಡದಲ್ಲೇ ಅಂಬಿಗರಿಗೆ ವಿವರಿಸಬಲ್ಲರು.