ಗೇರ್ ಪೆಟ್ಟಿಗೆಯ ಎಣ್ಣೆ ಕಾಯುವುದೇಕೆ?

ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1840ರ ದಶಕದಲ್ಲಿ ನಡೆಸಿದ ಪ್ರಯೋಗವನ್ನು ವಿದ್ಯಾರ್ಥಿಗಳೆಲ್ಲರೂ ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಮೇಲಿನಿಂದ ಇಳಿಯುವ ತೂಕಗಳು ನೀರಿನ ಪಾತ್ರೆಯೊಳಗಿನ ಹುಟ್ಟುಗಳನ್ನು ತಿರುಗಿಸುತ್ತವೆ, ಹುಟ್ಟುಗಳು ನೀರನ್ನು ಕಡೆಯುತ್ತವೆ, ನೀರು ಬಿಸಿಯಾಗುತ್ತದೆ. ತೂಕಗಳನ್ನು ಇಪ್ಪತ್ತು ಸಲ ಇಳಿಸಿದರೂ ಏರುತ್ತಿದ್ದ ಉಷ್ಣತೆ ಒಂದು ಫ್ಯಾರನ್‌ಹೀಟ್ ಡಿಗ್ರಿಗಿಂತ ಕಡಿಮೆ. ಈಗ ಆ ಪಾತ್ರೆಯಲ್ಲಿ ನೀರಿಗೆ ಬದಲಾಗಿ ಎಣ್ಣೆಯನ್ನು ತುಂಬಿ, ತೂಕಗಳಿಗೆ ಬದಲಾಗಿ 270 ಅಶ್ವಶಕ್ತಿಯ ಎಂಜಿನನ್ನು ಜೋಡಿಸಿದರೆ ಏನಾದೀತು? ಇದು ಬರಿಯ ಕಲ್ಪನೆಯಲ್ಲ. ಟಾರ್ಕ್ ಕನ್ವರ್ಟರ್ ಉಳ್ಳ ಆಟೊಮ್ಯಾಟಿಕ್ ಕಾರು ರಸ್ತೆಯಲ್ಲಿ ಹೊರಟಾಗಲೆಲ್ಲ ನಡೆಯುವುದು ಇದೇ.

ಎರಡು ವಿದ್ಯುತ್ ಬೀಸಣಿಗೆಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ಓಡಿಸಿದರೆ, ಅದರ ಗಾಳಿಗೆ ಎರಡನೆಯದೂ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರಿನ ಮೂಲತತ್ತ್ವ ಇಷ್ಟೇ. ಒಂದು ಅಲಗುಚಕ್ರ ಎಂಜಿನಿಗೆ ಸೇರಿದ್ದು, ಇನ್ನೊಂದು ಗೇರ್ ಪೆಟ್ಟಿಗೆಗೆ ಸೇರಿದ್ದು. ಗಾಳಿಯ ಬದಲು ನಡುವೆ ಹರಿಯುವುದು ಎಣ್ಣೆ. ಮೂರನೆಯದೊಂದು ಅಲಗುಚಕ್ರ ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ, ತಿರುಚುಬಲವನ್ನು ಹೆಚ್ಚಿಸುತ್ತದೆ. ಇದರ ಉಪಜ್ಞಕಾರನಾದ ಜರ್ಮನ್ ಎಂಜಿನಿಯರ್ ಹರ್ಮನ್ ಫಟಿಂಗರ್ 1905ರಲ್ಲಿ ಪೇಟೆಂಟ್ ಪಡೆದಾಗ ಅವನ ಮನಸ್ಸಿನಲ್ಲಿದ್ದದ್ದು ಕಾರಲ್ಲ, ಹಡಗು!

ಎಂಜಿನಿನ ಕಡೆಯ ಚಕ್ರ ವೇಗವಾಗಿಯೂ ಗೇರಿನ ಕಡೆಯ ಚಕ್ರ ನಿಧಾನವಾಗಿಯೂ ತಿರುಗುವಾಗ, ಈ ವ್ಯತ್ಯಾಸದಲ್ಲಿ ಕಳೆದುಹೋದ ಶಕ್ತಿ ಎಲ್ಲಿಗೆ ಹೋಯಿತು? ಜೂಲನ ಹುಟ್ಟುಗಳ ಶಕ್ತಿ ಹೋದಲ್ಲಿಗೇ. ಒಂದು ಸ್ಥೂಲ ಲೆಕ್ಕವನ್ನು ಮಾಡೋಣ. ಎಂಜಿನು 200 ಕಿಲೋವಾಟ್, ಅಂದರೆ ಸುಮಾರು 270 ಅಶ್ವಶಕ್ತಿ ಕೊಡುತ್ತಿದೆ. ಅದರಲ್ಲಿ ನೂರಕ್ಕೆ ಹದಿನೈದು ಪಾಲು ಜಾರುವಿಕೆಯಲ್ಲಿ ವ್ಯಯವಾಗುತ್ತಿದೆ ಎಂದಿಟ್ಟುಕೊಳ್ಳಿ. ಎಣ್ಣೆಗೆ ಸೇರುವ ಶಾಖ 30 ಕಿಲೋವಾಟ್. ಮೂವತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಎಣ್ಣೆಯಲ್ಲಿ ಅದ್ದಿದಂತೆ! ಪೆಟ್ಟಿಗೆಯಲ್ಲಿ 10 ಲೀಟರ್ ಎಣ್ಣೆಯಿದ್ದರೆ ಅದರ ತೂಕ ಸುಮಾರು ಎಂಟೂವರೆ ಕಿಲೋಗ್ರಾಂ. ಒಂದು ಕಿಲೋಗ್ರಾಂ ಎಣ್ಣೆಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 2,000 ಜೂಲ್ ಸಾಕು. ಭಾಗಿಸಿ ನೋಡಿದರೆ ಉಷ್ಣತೆ ಸೆಕೆಂಡಿಗೆ ಒಂದೂಮುಕ್ಕಾಲು ಡಿಗ್ರಿಯಷ್ಟು ಏರಬೇಕು. ಅರ್ಧ ನಿಮಿಷದಲ್ಲಿ ಐವತ್ತು ಡಿಗ್ರಿ. ಪೆಟ್ಟಿಗೆಯ ಲೋಹವೂ ಶಾಖವನ್ನು ಹೀರುವುದರಿಂದ ವಾಸ್ತವದಲ್ಲಿ ಏರಿಕೆ ಇಷ್ಟು ತ್ವರಿತವಲ್ಲ. ಆದರೂ ಅಪಾಯದ ಪ್ರಮಾಣ ಎಷ್ಟೆಂಬುದು ಇದರಿಂದ ವೇದ್ಯವಾಗುತ್ತದೆ.

ಎಣ್ಣೆ ಕಾದರೆ ಕಾಯಲಿ, ಅದರಿಂದೇನು ಎಂದು ಕೇಳಬಹುದು. ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಎಣ್ಣೆ ಬರಿಯ ಜಿಡ್ಡಲ್ಲ. ಶಕ್ತಿಯನ್ನು ಸಾಗಿಸುವುದೂ, ಒತ್ತಡದಿಂದ ಕ್ಲಚ್ ಬಿಲ್ಲೆಗಳನ್ನು ಬಿಗಿಹಿಡಿಯುವುದೂ ಅದೇ. ಅದು ಹಾಯಾಗಿ ಕೆಲಸ ಮಾಡುವುದು ಸುಮಾರು 80ರಿಂದ 95 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅಲ್ಲಿಂದ ಮುಂದೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಕೆಲಸಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಆಮ್ಲಜನಕದೊಡನೆ ಸೇರಿ ಕೆಟ್ಟ ಎಣ್ಣೆ ಕವಾಟಗಳ ಮೇಲೆ ಮೆರುಗೆಣ್ಣೆಯಂತೆ ಅಂಟಿಕೊಳ್ಳುತ್ತದೆ. ರಬ್ಬರಿನ ಮುದ್ರೆಗಳು ಗಡುಸಾಗಿ ಒತ್ತಡ ಸೋರುತ್ತದೆ. ಹಿಡಿತ ತಪ್ಪಿದ ಕ್ಲಚ್ಚುಗಳು ಜಾರಿ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತವೆ. ಈ ವಿಷವರ್ತುಲ ಒಮ್ಮೆ ಆರಂಭವಾಯಿತೆಂದರೆ ಪೆಟ್ಟಿಗೆಯನ್ನು ಬಿಚ್ಚದೆ ಗತ್ಯಂತರವಿಲ್ಲ.

ಕಾರು ತಯಾರಕರು ಇದನ್ನು ಅರಿಯದವರಲ್ಲ. ಅನೇಕ ಕಾರುಗಳಲ್ಲಿ ಗೇರಿನ ಎಣ್ಣೆಯನ್ನು ರೇಡಿಯೇಟರಿನ ಪಕ್ಕದ ತೊಟ್ಟಿಯಲ್ಲಿ ಮುಳುಗಿದ ಕೊಳವೆಯ ಮೂಲಕ ಹಾಯಿಸಿ ತಣಿಸುತ್ತಾರೆ. ಆದರೆ ಎಣ್ಣೆ ಆ ನೀರಿಗಿಂತ ತಣ್ಣಗಾಗುವಂತಿಲ್ಲವಷ್ಟೆ! ಎಂಜಿನು ಹೆಚ್ಚು ದುಡಿಯುವಾಗ ನೀರೂ ಕಾದಿರುತ್ತದೆ. ಅಂದರೆ ಅವಶ್ಯಕತೆ ಹೆಚ್ಚಿದಾಗಲೇ ನೆರವು ಕುಗ್ಗುತ್ತದೆ. ಅಮೆರಿಕದ ಷೆವ್ರೊಲೆ ಕಾರ್ವೆಟ್ 1953ರಲ್ಲಿ ಹೊರಬಂದಾಗ ಅದಕ್ಕಿದ್ದದ್ದು ಪವರ್‌ಗ್ಲೈಡ್ ಎಂಬ ಎರಡೇ ಗೇರುಗಳ ಆಟೊಮ್ಯಾಟಿಕ್ ಪೆಟ್ಟಿಗೆ. ಅದರ ತಯಾರಿಕೆ 1973ರಲ್ಲಿ ನಿಂತರೂ ಕಾಲು ಮೈಲಿಯ ನೇರ ಓಟದವರು ಅದನ್ನು ಇಂದಿಗೂ ಬಿಟ್ಟಿಲ್ಲ. ಹೊರಡುವಾಗ ಎಂಜಿನು ಹೆಚ್ಚು ವೇಗದಲ್ಲಿ ತಿರುಗಲೆಂದು ಅವರು ಬೇಕೆಂದೇ ಹೆಚ್ಚು ಜಾರುವ ಕನ್ವರ್ಟರನ್ನು ಹಾಕುತ್ತಾರೆ. ಜಾರುವಿಕೆ ಹೆಚ್ಚಿದರೆ ಶಾಖವೂ ಹೆಚ್ಚು. ಆದ್ದರಿಂದಲೇ ಅಂಥ ಕಾರುಗಳಿಗೆ ಹೊರಗಿನಿಂದ ಇನ್ನೊಂದು ಕೂಲರನ್ನು ಜೋಡಿಸುವುದು ಅನಿವಾರ್ಯ.

ಈ ಕೂಲರು ಒಂದು ಪುಟ್ಟ ರೇಡಿಯೇಟರು. ಕೆಲವದರಲ್ಲಿ ಒಂದೇ ಕೊಳವೆ ಹಾವಿನಂತೆ ಸುತ್ತಿರುತ್ತದೆ. ಇನ್ನು ಕೆಲವದರಲ್ಲಿ ಚಪ್ಪಟೆ ತಗಡಿನ ದಾರಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅಳತೆ ಒಂದೇ ಇದ್ದರೂ ಎರಡನೆಯ ಬಗೆ ಹೆಚ್ಚು ಸಮರ್ಥ. ಇದರ ಸ್ಥಾನ ಕಾರಿನ ಮುಂಭಾಗ, ಹೊರಗಾಳಿ ನೇರವಾಗಿ ಬೀಸುವಲ್ಲಿ. ಕೂಲರಿನ ತೆಳು ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ರೇಡಿಯೇಟರಿಗೆ ಕಟ್ಟುವುದು ಸುಲಭದ ದಾರಿಯೇನೋ ಹೌದು. ಆದರೆ ಅಲುಗಾಟಕ್ಕೆ ಎರಡೂ ಒಂದನ್ನೊಂದು ಉಜ್ಜಿ ತೂತು ಬೀಳಬಹುದಾದ್ದರಿಂದ, ಲೋಹದ ಪಟ್ಟಿಗಳ ಮೇಲೆ ನಿಲ್ಲಿಸುವುದೇ ಲೇಸು. ಎಣ್ಣೆ ಮೊದಲು ರೇಡಿಯೇಟರಿನ ತೊಟ್ಟಿಯನ್ನು ಹಾದು, ಆಮೇಲೆ ಹೊಸ ಕೂಲರಿಗೆ ಹೋಗಿ, ಅಲ್ಲಿಂದ ಪೆಟ್ಟಿಗೆಗೆ ಮರಳಬೇಕು. ಶಾಖದ ದೊಡ್ಡ ಪಾಲನ್ನು ನೀರು ಹೊತ್ತ ಮೇಲೆ ಉಳಿದದ್ದನ್ನು ಗಾಳಿ ಒಯ್ಯುತ್ತದೆ. ಯಾವ ಕೊಳವೆ ಹೋಗುವುದು, ಯಾವುದು ಬರುವುದು ಎಂಬುದನ್ನು ಊಹಿಸದೆ ಕಾರಿನ ಕೈಪಿಡಿಯಲ್ಲಿ ನೋಡತಕ್ಕದ್ದು.

ಕೂಲರು ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆ ಯುವಕರಲ್ಲಿ ಪ್ರಬಲವಾಗಿದೆ. ಇದು ಸರಿಯಲ್ಲ. ತೀರ ತಣ್ಣಗಿರುವ ಎಣ್ಣೆ ಗಟ್ಟಿಯಾಗಿ, ಸೂಕ್ಷ್ಮ ದಾರಿಗಳಲ್ಲಿ ತಡೆದು ಹರಿದು, ಗೇರು ಬದಲಾಗುವುದು ಒರಟಾಗುತ್ತದೆ. ಚಳಿಯ ದೇಶಗಳಲ್ಲಿ ರೇಡಿಯೇಟರಿನ ನೀರೇ ಎಣ್ಣೆಯನ್ನು ಬೆಚ್ಚಗೆ ಮಾಡುತ್ತದೆ; ಅದನ್ನು ಬಿಟ್ಟುಬಿಡುವವರು ಈ ಉಪಕಾರವನ್ನೂ ಕಳೆದುಕೊಳ್ಳುತ್ತಾರೆ. ಎಣ್ಣೆ ಕಾಯುವವರೆಗೆ ಕೂಲರಿನ ದಾರಿಯನ್ನು ತಪ್ಪಿಸಿ ಹಾಯಿಸುವ ಥರ್ಮೋಸ್ಟಾಟ್ ಕವಾಟವೊಂದನ್ನು ಹಾಕಿದರೆ ತೊಂದರೆಯಿಲ್ಲ.

ಹಿಂದೆ ಪೆಟ್ಟಿಗೆಯೊಂದು ಕೆಟ್ಟಿದ್ದ ಕಾರಾದರೆ ಹಳೆಯ ಕೂಲರಿನ ಮೂಲೆಗಳಲ್ಲಿ ಲೋಹದ ಪುಡಿ ಅಡಗಿರುತ್ತದೆ; ಅದನ್ನು ಹೊಸ ಪೆಟ್ಟಿಗೆಗೆ ಜೋಡಿಸುವುದು ಹೊಸದನ್ನೂ ಕೆಡಿಸಿದಂತೆ. ಹೊಸ ಕೂಲರೂ ಕೊಳವೆಗಳೂ ಸ್ವಲ್ಪ ಎಣ್ಣೆಯನ್ನು ಹಿಡಿಯುವುದರಿಂದ ಮಟ್ಟವನ್ನು ಕೈಪಿಡಿಯಲ್ಲಿ ಹೇಳಿದ ಉಷ್ಣತೆಯಲ್ಲಿ ಮತ್ತೆ ಅಳೆಯಬೇಕು. ಕೊಳವೆ ಬಿಸಿ ಎಣ್ಣೆಗೆಂದೇ ತಯಾರಾದದ್ದಾಗಿರಬೇಕು. ಸಾಮಾನ್ಯ ನೀರಿನ ರಬ್ಬರು ಕೊಳವೆ ಎಣ್ಣೆಯಲ್ಲಿ ಉಬ್ಬಿ ಹರಿಯುತ್ತದೆ. ಮೊದಲ ಓಟ ಮುಗಿಸಿ ಬಂದೊಡನೆ ಕಾರಿನ ಕೆಳಗೆ ದೀಪ ಹಿಡಿದು ಪ್ರತಿಯೊಂದು ಕೀಲನ್ನೂ ಪರೀಕ್ಷಿಸಬೇಕು: ಅಲ್ಲಿಂದ ತೊಟ್ಟಿಕ್ಕಿದ ಎಣ್ಣೆ ಹೊಗೆಯ ಕೊಳವೆಯ ಮೇಲೆ ಬಿದ್ದರೆ ಹೊತ್ತಿಕೊಳ್ಳಬಲ್ಲದು.